ಚಿತ್ರಮಂದಿರದ ಮಾಯಾದೀಪ

ಹಳೆಯ ಚಿತ್ರಮಂದಿರದೊಳಗೆ ಆಟವಿಲ್ಲದ ವೇಳೆಯಲ್ಲಿ ಪರದೆಗೆ ಬೆನ್ನುಮಾಡಿ ನಿಂತು ಹಿಂಗೋಡೆಯನ್ನು ದಿಟ್ಟಿಸಿ ನೋಡಿದವರು ನಮ್ಮ ವಾಚಕರಲ್ಲಿ ವಿರಳವಾಗಿರಬೇಕು. ಆ ಗೋಡೆಯ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಕಿಂಡಿಗಳಿರುವುವು. ಚಿತ್ರಸುರುಳಿಯನ್ನು ಓಡಿಸುವ ಯಂತ್ರವೊಂದಕ್ಕೆ ಸಾಮಾನ್ಯವಾಗಿ ಎರಡು ಕಿಂಡಿಗಳು: ಒಂದು ಬೆಳಕು ಹೊರಡುವುದಕ್ಕೆ, ಮತ್ತೊಂದು ಯಂತ್ರಚಾಲಕನ ಕಣ್ಣಿಗೆ. ಯಂತ್ರಗಳು ಎರಡಾದರೆ ಕಿಂಡಿಗಳು ನಾಲ್ಕು. ಈ ಲೆಕ್ಕವನ್ನು ಮೀರಿ ಐದನೆಯದೋ ಆರನೆಯದೋ ಕಿಂಡಿ ಕಂಡುಬಂದರೆ, ಅಲ್ಲಿ ಒಂದಾನೊಂದು ಕಾಲದಲ್ಲಿ ಮತ್ತೊಂದು ದೀಪವಿದ್ದಿತೆಂದು ಊಹಿಸಬಹುದು. ರಂಗದ ಮೇಲಿನ ನಟರ ಮುಖವನ್ನು ಬೆಳಗುವ ದೀಪವೂ ಅದಾಗಿರಬಹುದು. ಆದರೆ ಅನೇಕ ಕಡೆಗಳಲ್ಲಿ ಅದು ಗಾಜಿನ ಚಿತ್ರಗಳನ್ನು ತೋರಿಸುವ ಸ್ಲೈಡಿನ ದೀಪ. ನಮ್ಮ ಹಿರಿಯರು ಮ್ಯಾಜಿಕ್ ಲ್ಯಾಂಟರ್ನ್ ಎಂದೂ ಮಾಯಾದೀಪವೆಂದೂ ಕರೆದ ಯಂತ್ರದ ಕೊನೆಯ ಸಂತಾನ.

ಈಗ ಚಿತ್ರಸುರುಳಿಯ ಯಂತ್ರವೇ ಮೂಲೆ ಸೇರಿದೆ. ಗಣಕದ ಪೆಟ್ಟಿಗೆಯೊಂದು ಅದರ ಜಾಗದಲ್ಲಿ ಕುಳಿತಿದೆ. ಒಂದೊಂದೇ ಪರದೆಯುಳ್ಳ ದೊಡ್ಡ ಮಂದಿರಗಳು ಒಂದಾದಮೇಲೊಂದು ಬಾಗಿಲು ಹಾಕುತ್ತಿವೆ. ಬೆಂಗಳೂರಿನ ಕಪಾಲಿ ಚಿತ್ರಮಂದಿರವು 2017ರಲ್ಲಿ ಮುಚ್ಚಿದುದನ್ನು ಅನೇಕರು ಬಲ್ಲರು. ಕಟ್ಟಡ ಬೀಳುವಾಗ ಕುರ್ಚಿಗಳಿಗೆ ಗಿರಾಕಿಗಳುಂಟು, ಬಾಗಿಲುವಾಡಗಳಿಗೂ ಗಿರಾಕಿಗಳುಂಟು. ಮಾಯಾದೀಪವನ್ನು ಮಾತ್ರ ಇದು ಇಂಥ ವಸ್ತುವೆಂದು ಗುರುತಿಸುವವರಿಲ್ಲದೆ ತೂಕಕ್ಕೆ ಹಾಕುತ್ತಾರೆ. ಇದು ಒಂದು ವಿಧದ ನಾಶ. ಮತ್ತೊಂದು ವಿಧವೂ ಉಂಟು. ಪ್ರೀತಿಯಿಂದ ಮನೆಗೆ ತಂದವರು ಮೊದಲ ದಿನವೇ ಅದನ್ನು ತಿಕ್ಕಿ ತೊಳೆದು ಬಣ್ಣ ಬಳಿದು ಹಾಳುಮಾಡುವುದು. ಈ ಎರಡನೆಯ ನಾಶವು ಮೊದಲನೆಯದಕ್ಕಿಂತ ಕಡಮೆಯದಲ್ಲವೆಂಬುದು ನಮ್ಮ ಅಭಿಪ್ರಾಯ. ಆದುದರಿಂದಲೇ ಇಂಥ ಯಂತ್ರವನ್ನು ಗುರುತಿಸುವ ಮತ್ತು ಸರಿಪಡಿಸುವ ಬಗೆಯನ್ನು ಇಲ್ಲಿ ಬರೆಯಲುದ್ಯುಕ್ತರಾಗಿದ್ದೇವೆ.

ಮೊದಲು ಅದರ ವಂಶವನ್ನು ಕುರಿತು ನಾಲ್ಕು ಮಾತು. ಹಾಲೆಂಡಿನ ವಿಜ್ಞಾನಿಯಾದ ಕ್ರಿಸ್ಟಿಯಾನ್ ಹೈಗೆನ್ಸನು 1659ರಲ್ಲಿ ಈ ದೀಪಕ್ಕಾಗಿ ಕೆಲವು ಪುಟ್ಟ ಚಿತ್ರಗಳನ್ನು ಬರೆದಿಟ್ಟನು. ತನ್ನ ತಲೆಬುರುಡೆಯನ್ನು ತಾನೇ ಕಿತ್ತು ಕೈಯಲ್ಲಿ ಹಿಡಿಯುವ ಅಸ್ಥಿಪಂಜರದ ಚಿತ್ರಗಳವು. ಅಂದರೆ ಜನರನ್ನು ಹೆದರಿಸಿ ನಗಿಸುವ ಕೆಲಸವು ಈ ಯಂತ್ರಕ್ಕೆ ಹುಟ್ಟಿನೊಡನೆಯೇ ಬಂದದ್ದು. 1671ರಲ್ಲಿ ಅಥನಾಸಿಯಸ್ ಕಿರ್ಷರನೆಂಬ ಪಾದ್ರಿಯು ತನ್ನ ಗ್ರಂಥದಲ್ಲಿ ಇದರ ಆಕೃತಿಯನ್ನು ಮುದ್ರಿಸಿದನು. ತಮಾಷೆಯೇನೆಂದರೆ, ಆ ಆಕೃತಿಯಲ್ಲಿ ಗಾಜಿನ ಚಿತ್ರವು ಮಸೂರದ ಹಿಂದಿರುವ ಬದಲು ಮುಂದಿದೆ. ತಲೆಕೆಳಗಾಗಿರಬೇಕಾದ ಚಿತ್ರವು ನೆಟ್ಟಗೆ ನಿಂತಿದೆ. ಹಾಗೆ ಜೋಡಿಸಿದ ದೀಪವು ಗೋಡೆಯ ಮೇಲೆ ಏನನ್ನೂ ತೋರಿಸಲಾರದು. ದೊಡ್ಡ ಪಂಡಿತರ ಗ್ರಂಥಗಳನ್ನು ಕೂಡ ಕಣ್ಣುಮುಚ್ಚಿ ನಂಬಬಾರದೆಂದು ನಾವು ಪಾಠಶಾಲೆಯಲ್ಲಿ ಹೇಳುತ್ತಿದ್ದಾಗ ಈ ದೃಷ್ಟಾಂತವು ನಮಗೆ ಬಹಳ ಉಪಯೋಗಕ್ಕೆ ಬರುತ್ತಿತ್ತು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಬಹು ಸೊಗಸಾಗಿ ಬೆಳೆಸಿದವರು ಮುಂಬಯಿಯ ಸಮೀಪದ ಕಲ್ಯಾಣದ ಮಹಾದೇವ ಗೋಪಾಲ ಪಟವರ್ಧನರು ಮತ್ತು ಅವರ ಮಕ್ಕಳು. 1892ರಲ್ಲಿ ಅವರು ಆರಂಭಿಸಿದ ಪ್ರದರ್ಶನಕ್ಕೆ ‘ಶಾಂಬರಿಕ ಖರೋಲಿಕಾ’ ಎಂದು ಹೆಸರು. ಕೈಯಿಂದ ಬಣ್ಣ ತುಂಬಿದ ಗಾಜಿನ ಚಿತ್ರಗಳನ್ನು ಬೇಗಬೇಗನೆ ಬದಲಿಸಿ, ಪುರಾಣಕಥೆಗಳನ್ನು ಚಲಿಸುತ್ತಿರುವಂತೆ ತೋರಿಸುತ್ತಿದ್ದರು. ಶಂಬರನು ಮಾಯಾವಿಯಾದ ಅಸುರ. ಅಮರಸಿಂಹನು ಶಾಂಬರೀ ಎಂಬ ಶಬ್ದವನ್ನು ಮಾಯೆಗೆ ಪರ್ಯಾಯವಾಗಿ ಹೇಳಿದ್ದಾನೆ. ಯಂತ್ರಕ್ಕೆ ಇಷ್ಟು ತಕ್ಕ ಹೆಸರನ್ನು ಇಟ್ಟ ಆ ಮಹನೀಯರಿಗೆ ನಾವು ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದಿದ್ದೇವೆ. ಅವರ ಪ್ರದರ್ಶನ ಮೊದಲಾದ ನಾಲ್ಕು ವರ್ಷಕ್ಕೆ, 1896ರ ಜುಲೈ 7ರಂದು, ಮುಂಬಯಿಯ ವ್ಯಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸೋದರರ ಚಲಚ್ಚಿತ್ರವು ಬಂದಿಳಿಯಿತು.

ಚಲಚ್ಚಿತ್ರ ಬಂದ ಕೂಡಲೇ ಮಾಯಾದೀಪವು ಸತ್ತಿತೆಂದು ತಿಳಿಯಬಾರದು. ಅದು ಚಿತ್ರಮಂದಿರದೊಳಕ್ಕೇ ಹೋಗಿ ಕೆಲಸಕ್ಕೆ ಸೇರಿಕೊಂಡಿತು. ಅಮೆರಿಕದಲ್ಲಿ ಸುಮಾರು 1905ರಿಂದ ಊರೂರಿಗೂ ಎದ್ದ ಸಣ್ಣ ಪ್ರದರ್ಶನಶಾಲೆಗಳಲ್ಲಿ ಚಿತ್ರಯಂತ್ರವು ಹೆಚ್ಚಾಗಿ ಒಂದೇ ಇರುತ್ತಿತ್ತು. ಒಂದು ಸುರುಳಿ ಮುಗಿದು ಮತ್ತೊಂದನ್ನು ಏರಿಸುವವರೆಗೆ ಜನರನ್ನು ಕತ್ತಲಲ್ಲಿ ಸುಮ್ಮನೆ ಕೂರಿಸುವುದು ಹೇಗೆ? ಆಗ ಸ್ಲೈಡುಗಳು ಬರುತ್ತಿದ್ದವು. ಹೆಂಗಸರು ದಯಮಾಡಿ ಟೋಪಿ ತೆಗೆಯಬೇಕು, ಗಟ್ಟಿಯಾಗಿ ಮಾತಾಡಬಾರದು, ಸುರುಳಿ ಬದಲಾಗುವವರೆಗೆ ಒಂದು ನಿಮಿಷ ತಾಳಬೇಕು. ಇಂಥ ವಿನಯದ ಅಪ್ಪಣೆಗಳ ನಡುವೆ ಹಾಡುಗಳೂ ಇದ್ದವು. ಗಾಯಕನೊಬ್ಬನು ಪಕ್ಕದಲ್ಲಿ ನಿಂತು ಹಾಡುವನು; ಹಾಡಿನ ಸನ್ನಿವೇಶಗಳನ್ನು ಬಣ್ಣಗೊಳಿಸಿದ ಛಾಯಾಚಿತ್ರಗಳು ಒಂದೊಂದಾಗಿ ತೋರುವುವು; ಕಡೆಯಲ್ಲಿ ಪಲ್ಲವಿಯ ಅಕ್ಷರಗಳು ಬಂದಾಗ ಸಭೆಯೆಲ್ಲ ದನಿಗೂಡಿಸುವುದು. ನಮ್ಮ ಭಜನೆಯ ಮನೆಗಳ ರೀತಿಗೂ ಇದಕ್ಕೂ ದೇವರೊಬ್ಬನನ್ನು ಬಿಟ್ಟರೆ ಹೆಚ್ಚಿನ ಭೇದವಿಲ್ಲ.

ಈ ಕಾಲದ ಯಂತ್ರಗಳನ್ನು ಗುರುತಿಸುವುದಕ್ಕೆ ಒಂದು ಒಳ್ಳೆಯ ಲಕ್ಷಣವಿದೆ. ಎಡಿಸನ್ ಸಂಸ್ಥೆಯ ಕೈನೆಟೋಸ್ಕೋಪ್ ಪ್ರೊಜೆಕ್ಟರಿನಲ್ಲಿಯೂ ಪವರ್ಸ್ ಕ್ಯಾಮೆರಾಗ್ರಾಫಿನಲ್ಲಿಯೂ ದೀಪದ ಪೆಟ್ಟಿಗೆ ಒಂದೇ. ಅದು ಅಡ್ಡಡ್ಡಲಾಗಿ ಜಾರುತ್ತದೆ. ಚಿತ್ರಸುರುಳಿಯ ಬಾಗಿಲ ಹಿಂದೆ ನಿಂತ ದೀಪವನ್ನು ಪಕ್ಕಕ್ಕೆ ತಳ್ಳಿದರೆ ಅದು ಸ್ಲೈಡಿನ ಮಸೂರದ ಹಿಂದೆ ಬಂದು ನಿಲ್ಲುತ್ತದೆ. ಆದುದರಿಂದ ಹಳೆಯ ಚಲಚ್ಚಿತ್ರಯಂತ್ರದ ಪಕ್ಕದಲ್ಲಿ ಒಂಟಿಯಾಗಿ ನಿಂತ ಮಸೂರವನ್ನೋ, ಪೀಠದ ಮೇಲೆ ಅಡ್ಡಹಳಿಯ ಸವೆತವನ್ನೋ ಕಂಡರೆ, ಅದು ಕೈತಪ್ಪಿ ಬಂದು ಸೇರಿದ ಬಿಡಿಭಾಗವೆಂದು ಕಿತ್ತೆಸೆಯಬಾರದು.

1920ರ ದಶಕದಲ್ಲಿ ಅಮೆರಿಕದ ಚಿತ್ರಮಂದಿರಗಳು ಅರಮನೆಗಳಾದುವು. ಜಾನ್ ಎಬರ್‌ಸನ್ ಎಂಬ ಶಿಲ್ಪಿಯು 1923ರಲ್ಲಿ ಹ್ಯೂಸ್ಟನ್ ನಗರದ ಮೆಜೆಸ್ಟಿಕ್ ಮಂದಿರವನ್ನು ಕಟ್ಟಿದಾಗ ಚಾವಣಿಯನ್ನೇ ಆಕಾಶವಾಗಿ ಮಾಡಿದನು. ಸುತ್ತಲೂ ಉದ್ಯಾನದ ಗೋಡೆ, ಮೇಲೆ ನೀಲಿಯ ಕಮಾನು, ಅದರಲ್ಲಿ ನಕ್ಷತ್ರಗಳು. ಪ್ರೇಕ್ಷಕನು ಸಂಜೆಯ ಬಯಲಿನಲ್ಲಿ ಕುಳಿತಂತೆ ಭ್ರಮಿಸುವನು. ಆ ಆಕಾಶದಲ್ಲಿ ಮೋಡಗಳನ್ನು ತೇಲಿಸುವುದಕ್ಕೆ ಮಾಯಾದೀಪವೇ ಬೇಕಾಯಿತು. ಡೆಟ್ರಾಯಿಟ್ ನಗರದ ಬ್ರೆಂಕರ್ಟ್ ಸಂಸ್ಥೆಯವರ ಬ್ರೆನೋಗ್ರಾಫ್ ಎಂಬ ಯಂತ್ರವು ಈ ಕುಲಕ್ಕೆ ಚಕ್ರವರ್ತಿಯೆನ್ನಬೇಕು. ಅದರ ದೊಡ್ಡ ಮಾದರಿಯಲ್ಲಿ ಒಂದರ ಮೇಲೊಂದು ಎರಡು ದೀಪಗಳು. ಎರಡಕ್ಕೂ ಇಂಗಾಲದ ಕಡ್ಡಿಗಳ ನಡುವಣ ವಿದ್ಯುತ್‌ಜ್ವಾಲೆಯೇ ಬೆಳಕು. ಒಂದರ ಚಿತ್ರವು ಕರಗುತ್ತಿರುವಾಗಲೇ ಮತ್ತೊಂದರ ಚಿತ್ರವು ಮೂಡುವುದು. ಬಣ್ಣದ ಗಾಜುಗಳು, ಚಿತ್ರದ ಅಂಚನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಪರೆಗಳು, ಮೋಟಾರಿನಿಂದ ಮೆಲ್ಲಗೆ ತಿರುಗುವ ಬಿಲ್ಲೆಗಳು ಇವೆಲ್ಲ ಅದಕ್ಕೆ ಪರಿವಾರ. ಬಿಲ್ಲೆಯೊಂದನ್ನು ಹಾಕಿದರೆ ಮೋಡ; ಮತ್ತೊಂದನ್ನು ಹಾಕಿದರೆ ಮಳೆ; ಮಗದೊಂದಕ್ಕೆ ಹಿಮ ಸುರಿಯುವುದು, ಬೆಂಕಿ ಉರಿಯುವುದು. ಕಾಳಿದಾಸನ ಯಕ್ಷನು ಒಂದು ಮೋಡವನ್ನು ದೂತನಾಗಿ ಒಲಿಸಿಕೊಳ್ಳುವುದಕ್ಕೆ ಎಷ್ಟು ಶ್ಲೋಕಗಳನ್ನು ಹೇಳಬೇಕಾಯಿತು! ಇಲ್ಲಿ ಗುಂಡಿಯೊತ್ತಿದರೆ ಸಾಕು.

ಇನ್ನು ಗುರುತಿಸುವ ವಿಷಯ. ಯಂತ್ರದ ಮೇಲಿನ ಹೆಸರುಫಲಕವನ್ನು ಓದಿದರೆ ಮುಗಿಯಿತೆಂದು ಕೆಲವರು ಭಾವಿಸುತ್ತಾರೆ. ಆದರೆ ಫಲಕದಲ್ಲಿರುವುದು ಎಷ್ಟೋ ವೇಳೆ ಮಾರಿದವರ ಹೆಸರೇ ಹೊರತು ಮಾಡಿದವರದಲ್ಲ. ತಾಳೆಯೋಲೆಯ ಕಟ್ಟಿನ ಮೇಲಿರುವ ಹೆಸರು ಕವಿಯದೋ, ಲಿಪಿಕಾರನದೋ, ಒಡೆಯನದೋ ಎಂದು ವಿಚಾರಿಸದೆ ನಿರ್ಣಯಿಸುವ ವಿದ್ವಾಂಸನಿಗೆ ಒದಗುವ ಗತಿಯೇ ಇಲ್ಲಿಯೂ ಒದಗುತ್ತದೆ. ಆದುದರಿಂದ ಫಲಕವನ್ನು ಕಡೆಗೆ ಓದಿ, ಯಂತ್ರವನ್ನು ಮೊದಲು ಓದಬೇಕು.

ಎಲ್ಲಕ್ಕೂ ಮುಂಚೆ ಸ್ಲೈಡನ್ನು ಹಿಡಿಯುವ ಚೌಕಟ್ಟನ್ನು ಅಳೆಯಿರಿ. ಇಂಗ್ಲೆಂಡಿನ ಪದ್ಧತಿಯ ಸ್ಲೈಡು ಮೂರೂಕಾಲು ಅಂಗುಲದ ಸಮಚೌಕ. ಅಮೆರಿಕದ್ದು ಮೂರೂಕಾಲು ಅಂಗುಲ ಎತ್ತರ, ನಾಲ್ಕು ಅಂಗುಲ ಅಗಲ. ಫ್ರಾನ್ಸಿನದು ಎಂಟೂವರೆ ಮತ್ತು ಹತ್ತು ಸೆಂಟಿಮೀಟರು. ಎರಡಂಗುಲದ ಪುಟ್ಟ ಚೌಕವಾದರೆ ಅದು 35 ಮಿಲಿಮೀಟರು ಫಿಲ್ಮಿನ ಯುಗದ್ದು, ಬಹಳ ಈಚಿನದು. ಕೊಡಾಕ್ ಸಂಸ್ಥೆಯ ಚಕ್ರಾಕಾರದ ಕ್ಯಾರೌಸೆಲ್ 1961ರಲ್ಲಿ ಬಂದು 2004ರಲ್ಲಿ ನಿಂತುಹೋಯಿತು. ಹೀಗೆ ಒಂದು ಅಳತೆಯಿಂದಲೇ ಯಂತ್ರದ ದೇಶವೂ ಸ್ಥೂಲವಾಗಿ ಕಾಲವೂ ತಿಳಿದಂತಾಯಿತು.

ಎರಡನೆಯದಾಗಿ ದೀಪದ ಪೆಟ್ಟಿಗೆಯ ಬೆನ್ನನ್ನೂ ತಳವನ್ನೂ ನೋಡಬೇಕು. ಮೇಲೆ ಹೊಗೆಗೊಳವೆಯಿದ್ದು ಹಿಂದೆ ಜಾರುಹಲಗೆಯಿದ್ದರೆ ಅದು ಎಣ್ಣೆದೀಪದ ಅಥವಾ ಸುಣ್ಣದ ಬೆಳಕಿನ ಕಾಲದ್ದಾಗಿರಬಹುದು. ಆಮ್ಲಜನಕ ಜಲಜನಕಗಳ ಉರಿಯಲ್ಲಿ ಸುಣ್ಣದ ತುಂಡೊಂದನ್ನು ಕಾಯಿಸಿ, ಅದು ಬೆಳ್ಳಗೆ ಉಜ್ವಲಿಸುವ ಬೆಳಕಿನಲ್ಲಿ ಚಿತ್ರ ತೋರಿಸುತ್ತಿದ್ದ ಕಾಲ ಅದು. ಇಂಗಾಲದ ಕಡ್ಡಿಗಳನ್ನು ಹಿಡಿಯುವ ಕೈಗಳೂ, ಅವನ್ನು ದೂರದಿಂದ ತಿರುಗಿಸುವ ಗುಬುಟುಗಳೂ, ಜ್ವಾಲೆಯನ್ನು ನೋಡಲು ಪಕ್ಕದಲ್ಲಿ ಬಣ್ಣದ ಗಾಜಿನ ಪುಟ್ಟ ಕಿಟಕಿಯೂ ಇದ್ದರೆ ಅದು ವಿದ್ಯುತ್‌ಜ್ವಾಲೆಯದು. ಆದರೆ ಅನೇಕ ಯಂತ್ರಗಳು ಎರಡು ಮೂರು ಜನ್ಮಗಳನ್ನೆತ್ತಿವೆ. ಸುಣ್ಣದ ಬೆಳಕಿಗಾಗಿ ಹುಟ್ಟಿದ್ದು ಜ್ವಾಲೆಗೆ ಮಾರ್ಪಟ್ಟು, ಕಡೆಗೆ ಸಾಧಾರಣ ಬಲ್ಬಿನಲ್ಲಿ ಮುಪ್ಪು ಕಳೆದಿರುತ್ತದೆ. ತಳದಲ್ಲಿ ಈಗ ಯಾವ ಮೊಳೆಯೂ ಇಲ್ಲದ ಖಾಲಿ ತೂತುಗಳಿದ್ದರೆ ಅವು ಹಿಂದಿನ ಜನ್ಮದ ಸಂಸ್ಕಾರಗಳೆಂದು ತಿಳಿದು, ಮುಚ್ಚದೆ ಹಾಗೆಯೇ ಬಿಡಬೇಕು.

ಮೂರನೆಯದು ಮಸೂರ. ನಮಗೆ ಬಹಳ ಪ್ರಿಯವಾದದ್ದು ಈ ಪರೀಕ್ಷೆಯೇ. ಏಕೆಂದರೆ ಇದರಿಂದ ಯಂತ್ರವು ಯಾವ ಮಂದಿರಕ್ಕೆ ಸೇರಿದುದೆಂದು ಸಹ ಹೇಳಬಹುದು. ಮುಂದಿನ ಹಿತ್ತಾಳೆಯ ಕೊಳವೆಯನ್ನು ಕಳಚಿ, ಎದುರಿನ ಬಯಲಿನ ದೂರದ ಮರವೊಂದರ ಬಿಂಬವು ಕೋಣೆಯೊಳಗಿನ ಗೋಡೆಯ ಮೇಲೆ ಸ್ಪಷ್ಟವಾಗಿ ಬೀಳುವಂತೆ ಹಿಡಿದರೆ, ಗೋಡೆಗೂ ಕೊಳವೆಗೂ ಇರುವ ಅಂತರದಿಂದ ಮಸೂರದ ಸಂಗಮದೂರವು ಸುಮಾರಾಗಿ ದೊರೆಯುತ್ತದೆ. ಇನ್ನುಳಿದುದು ತ್ರೈರಾಶಿಕ. ಸ್ಲೈಡಿನ ತೆರಪಿನ ಅಗಲವನ್ನು ಮಂದಿರದ ಉದ್ದದಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ ಪರದೆಯ ಮೇಲಿನ ಚಿತ್ರದ ಅಗಲ. ತೆರಪು 3 ಅಂಗುಲ, ಮಸೂರ 15 ಅಂಗುಲ, ಯಂತ್ರದಿಂದ ಪರದೆಗೆ 100 ಅಡಿ ಎಂದಿಟ್ಟುಕೊಂಡರೆ ಚಿತ್ರವು 20 ಅಡಿ ಅಗಲ ಬೀಳುವುದು. ಅದೇ ಮಂದಿರದಲ್ಲಿ 6 ಅಂಗುಲದ ಮಸೂರವನ್ನಿಟ್ಟರೆ ಚಿತ್ರವು 50 ಅಡಿಯಾಗಿ, ಪರದೆಯನ್ನು ದಾಟಿ ಗೋಡೆಗಳ ಮೇಲೆ ಹರಿಯುವುದು. 6 ಅಂಗುಲದ ಮಸೂರವುಳ್ಳ ಯಂತ್ರವು ಶಾಲೆಯದೋ ಸಣ್ಣ ಸಭಾಗೃಹದ್ದೋ ಇರಬೇಕು. ದೊಡ್ಡ ಮಂದಿರದ್ದೆಂದು ಮಾರುವವನು ಎಷ್ಟೇ ಹೇಳಿದರೂ ಗಣಿತವು ಒಪ್ಪುವುದಿಲ್ಲ.

ಕೊಳವೆಯ ಅಂಚಿನಲ್ಲಿ ಸಣ್ಣ ಅಕ್ಷರಗಳಿರುವುದೂ ಉಂಟು. ರಾಸ್, ಡಾಲ್ಮೇಯರ್ ಎಂದಿದ್ದರೆ ಲಂಡನ್ನಿನದು. ಬಾಷ್ ಅಂಡ್ ಲೋಂಬ್ ಎಂದಿದ್ದರೆ ಅಮೆರಿಕದ ರಾಚೆಸ್ಟರಿನದು. ಈ ಕಡೆಯವರದೇ ಬ್ಯಾಲೊಪ್ಟಿಕನ್ ಎಂಬ ದೀಪವು. ಬಫಲೋ ನಗರದ ಸ್ಪೆನ್ಸರ್ ಸಂಸ್ಥೆಯವರದು ಡೆಲಿನಿಯಾಸ್ಕೋಪ್. ಇವೆರಡೂ ಹೆಚ್ಚಾಗಿ ವಿದ್ಯಾಶಾಲೆಗಳಿಗೆ ಹೋದವು, ಚಿತ್ರಮಂದಿರಗಳನ್ನೂ ಸೇರಿದ್ದುಂಟು.

ಈ ಪರೀಕ್ಷೆಗಳಿಗೆಲ್ಲ ಅರ್ಧ ದಿನ ಸಾಕು. ಆ ಅರ್ಧ ದಿನವಿಲ್ಲದೆ ಏನಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡೆವು. ನಮ್ಮ ಸೀಮೆಯ ಊರೊಂದರಲ್ಲಿ ಕೆಲವು ವರ್ಷಗಳ ಹಿಂದೆ ಹಳೆಯ ಚಿತ್ರಮಂದಿರವೊಂದನ್ನು ಕಲ್ಯಾಣಮಂಟಪವಾಗಿ ಮಾರ್ಪಡಿಸುತ್ತಿದ್ದರು. ಯಂತ್ರಕೋಣೆಯಲ್ಲಿ ಕಪ್ಪುತಗಡಿನ ಮಾಯಾದೀಪವೊಂದಿರುವುದಾಗಿ ಹಳೆಯ ಶಿಷ್ಯನೊಬ್ಬನು ಹೇಳಿಕಳುಹಿಸಿದ್ದರಿಂದ ಹೋದೆವು. ದೀಪವು ಅಂಗಳದಲ್ಲಿತ್ತು. ಯಾರೋ ಅದಕ್ಕೆ ಆಗತಾನೆ ಬೆಳ್ಳಿಬಣ್ಣ ಬಳಿದು ಬಿಸಿಲಿಗಿಟ್ಟಿದ್ದರು; ಮಂಟಪದ ಬಾಗಿಲಲ್ಲಿ ಅಲಂಕಾರಕ್ಕೆಂದು. ಆ ಕಪ್ಪುತಗಡು ಕೊಳೆಯಿಂದ ಕಪ್ಪಾದುದಲ್ಲ. ರಷ್ಯಾದ ಕಬ್ಬಿಣವೆಂದು ಹೆಸರಾದ, ನೀಲಿಗಪ್ಪಿನ ಹೊಳಪುಳ್ಳ ತಗಡು. ಅಂಥದನ್ನು ಈಗ ಹುಡುಕಿದರೂ ದೊರೆಯುವುದು ಕಷ್ಟ. ಸ್ಲೈಡುಗಳೆಲ್ಲಿ ಎಂದು ಕೇಳಿದೆವು. ಕೆಲಸದ ಹೆಂಗಸು ಸಂತೋಷದಿಂದ ಒಂದು ಬುಟ್ಟಿಯನ್ನು ತಂದು ಇಳಿಸಿದಳು. ಸೋಪಿನ ನೀರಿನಲ್ಲಿ ನೆನೆಯಿಟ್ಟು, ಕತ್ತದ ನಾರಿನಿಂದ ಉಜ್ಜಿ, ಇನ್ನೂರಕ್ಕೆ ಕಡಮೆಯಿಲ್ಲದ ಗಾಜಿನ ತುಂಡುಗಳನ್ನು ಆಕೆ ಸ್ಫಟಿಕದಂತೆ ನಿರ್ಮಲವಾಗಿ ಮಾಡಿಬಿಟ್ಟಿದ್ದಳು. ಅರವತ್ತು ವರ್ಷ ಆ ಊರಿನಲ್ಲಿದ್ದ ಅಂಗಡಿಗಳು, ಬಂದುಹೋದ ನಾಟಕ ಕಂಪೆನಿಗಳು, ಮುಂದಿನ ಬದಲಾವಣೆಯ ಚಿತ್ರಗಳು, ಎಲ್ಲವೂ ಬಚ್ಚಲಿನ ಕಾಲುವೆಯಲ್ಲಿ ಹರಿದುಹೋಗಿದ್ದವು. ಆಕೆಯ ಮೇಲೆ ಏನು ತಪ್ಪು? ತೊಳೆಯಲು ಹೇಳಿದರು, ತೊಳೆದಳು. ಶಿಷ್ಯನು ತಲೆತಗ್ಗಿಸಿ ನಿಂತಿದ್ದನು. ಬುಟ್ಟಿಯ ತಳದಲ್ಲಿ ಒಂದೇ ಒಂದು ಗಾಜು ತೊಳೆಯದೆ ಉಳಿದಿತ್ತು. ಅದರಲ್ಲಿ ‘ದಯವಿಟ್ಟು ಶಾಂತರಾಗಿರಿ’ ಎಂದಿತ್ತು.

ಹಾಗಾದರೆ ಸರಿಪಡಿಸುವುದೆಂದರೇನು? ಜೀರ್ಣೋದ್ಧಾರವೆಂಬ ಶಬ್ದದಲ್ಲಿ ಉದ್ಧರಿಸಬೇಕಾದುದು ಜೀರ್ಣವಾದ ವಸ್ತುವೇ ಹೊರತು, ಅದರ ಸ್ಥಾನದಲ್ಲಿ ನಾವು ಕಲ್ಪಿಸಿಕೊಂಡ ಹೊಸದೊಂದಲ್ಲ. ಹಸ್ತಪ್ರತಿಯಲ್ಲಿ ಅರ್ಥವಾಗದ ಪಾಠವನ್ನು ತನ್ನ ಬುದ್ಧಿಯಿಂದ ತಿದ್ದುವ ಲಿಪಿಕಾರನಿಗಿಂತ, ಏನೂ ತಿಳಿಯದೆ ಕಂಡಂತೆ ನಕಲುಮಾಡುವವನೇ ಮೇಲೆಂದು ಗ್ರಂಥಸಂಪಾದಕರು ಹೇಳುವರು. ಯಂತ್ರಗಳ ವಿಷಯದಲ್ಲಿಯೂ ನಾವು ಅದೇ ಪಕ್ಷದವರು.

ಮೊದಲು ಜಾಗ್ರತೆಯ ಮಾತುಗಳು. ಇವು ಪ್ರಾಣಕ್ಕೆ ಸಂಬಂಧಿಸಿದುವು. ವಿದ್ಯುತ್‌ಜ್ವಾಲೆಯ ದೀಪಗಳಲ್ಲಿ ಪೆಟ್ಟಿಗೆಯ ಒಳಹೊದಿಕೆಯೂ ತಂತಿಗಳ ಮೇಲುಹೊದಿಕೆಯೂ ಎಷ್ಟೋ ವೇಳೆ ಕಲ್ನಾರಿನದಾಗಿರುತ್ತವೆ. ನೋಡುವುದಕ್ಕೆ ಬೂದುಬಣ್ಣದ ಅರಳೆಯಂತೆ ಇರುವ ಈ ಪದಾರ್ಥದ ಧೂಳು ಶ್ವಾಸಕೋಶವನ್ನು ಸೇರಿದರೆ, ಎಷ್ಟೋ ವರ್ಷಗಳ ತರುವಾಯ ಮಾರಕವ್ಯಾಧಿಯನ್ನುಂಟುಮಾಡುತ್ತದೆ. ಅದನ್ನು ಊದಬಾರದು, ಗುಡಿಸಬಾರದು, ತಿಳಿದವರಿಂದ ತೆಗೆಸಬೇಕು. ಯಂತ್ರಕೋಣೆಯಲ್ಲಿ ದೊಡ್ಡ ಗಾಜಿನ ಬುರುಡೆಯೊಳಗೆ ಪಾದರಸವುಳ್ಳ ಸಾಧನವೊಂದಿದ್ದರೆ ಅದು ವಿದ್ಯುತ್ತಿನ ಪ್ರವಾಹವನ್ನು ಒಮ್ಮುಖಗೊಳಿಸುತ್ತಿದ್ದ ಯಂತ್ರ, ಅದನ್ನು ಅಲುಗಿಸಕೂಡದು. ಹಳೆಯ ನೈಟ್ರೇಟ್ ಫಿಲ್ಮಿನ ಚೂರುಗಳು ಮೂಲೆಯಲ್ಲಿದ್ದರೆ ಸಮೀಪದಲ್ಲಿ ಕಡ್ಡಿ ಗೀರಕೂಡದು. 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ಆ ಫಿಲ್ಮು ಹೊತ್ತಿದರೆ ನೀರಿನಲ್ಲಿಯೂ ಆರುವುದಿಲ್ಲ. ಈಥರ್ ದೀಪದ ಪಾತ್ರೆಯೇನಾದರೂ ಕಂಡರೆ ಅದನ್ನು ಉರಿಸುವ ಕುತೂಹಲವನ್ನು ಸಂಪೂರ್ಣವಾಗಿ ಬಿಡಬೇಕು. 1897ರ ಮೇ 4ರಂದು ಪ್ಯಾರಿಸ್ ನಗರದ ಧರ್ಮಾರ್ಥ ಸಂತೆಯೊಂದರಲ್ಲಿ ಚಲಚ್ಚಿತ್ರದ ಈಥರ್ ದೀಪದಿಂದ ಹುಟ್ಟಿದ ಬೆಂಕಿಗೆ 120ಕ್ಕೂ ಹೆಚ್ಚು ಮಂದಿ ಆಹುತಿಯಾದರು.

ಅನಂತರ ಯಂತ್ರವನ್ನು ಬಿಚ್ಚಬಹುದು. ಬಿಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಭಾವಚಿತ್ರ ತೆಗೆದುಕೊಳ್ಳುವುದು ಈಗ ಎಲ್ಲರ ಕೈಯಲ್ಲಿರುವ ದೂರವಾಣಿಯಿಂದಲೇ ಆಗುವ ಕೆಲಸ. ಮುಂದಿನ ಮಸೂರದ ಕೊಳವೆಯಲ್ಲಿ ಹೆಚ್ಚಾಗಿ ಪೆಟ್ಸ್‌ವಾಲನು 1840ರಲ್ಲಿ ಕಂಡುಹಿಡಿದ ಕ್ರಮದ ಗಾಜುಗಳಿರುತ್ತವೆ: ಮುಂದೆ ಅಂಟಿಸಿದ ಜೋಡಿ, ಹಿಂದೆ ನಡುವೆ ತೆರಪುಳ್ಳ ಜೋಡಿ. ಹಿಂದಿನ ಜೋಡಿಯಲ್ಲಿ ಒಂದು ಗಾಜು ತಿರುಗುಮುರುಗಾದರೂ ಚಿತ್ರವೆಲ್ಲ ಮಸುಕು. ಒಂದೊಂದನ್ನು ತೆಗೆಯುತ್ತಿದ್ದಂತೆಯೇ ಅದರ ಅಂಚಿನಲ್ಲಿ ಸೀಸದಕಡ್ಡಿಯಿಂದ ದಿಕ್ಕನ್ನು ಗುರುತುಮಾಡಬೇಕು.

ದೀಪಕ್ಕೂ ಸ್ಲೈಡಿಗೂ ನಡುವೆ ಅಂಗೈಯಗಲದ ಎರಡು ದಪ್ಪ ಮಸೂರಗಳಿರುತ್ತವೆ. ಉಬ್ಬಿದ ಮುಖಗಳು ಒಂದಕ್ಕೊಂದು ಎದುರಾಗಿರುವುವು. ಚೆದುರಿದ ಬೆಳಕನ್ನು ಕೂಡಿಸುವುದು ಇವುಗಳ ಕೆಲಸ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಇವು ತಮ್ಮ ಬಳೆಯೊಳಗೆ ಗಡಗಡ ಎನ್ನುತ್ತವೆ. ಸಡಿಲವಾಗಿದೆಯಲ್ಲಾ ಎಂದು ಮರುಗಿ, ರಬ್ಬರು ಸುತ್ತಿಯೋ ಅಂಟು ಹಾಕಿಯೋ ಬಿಗಿಮಾಡುವವರು ಬಹಳ. ಸಡಿಲವಿರುವುದು ದೋಷವಲ್ಲ, ಯಂತ್ರಶಿಲ್ಪಿಯ ಬುದ್ಧಿ. ದೀಪದ ಕಾವಿಗೆ ಗಾಜು ಹಿಗ್ಗುವುದು; ಹಿಗ್ಗಲು ಎಡೆಯಿಲ್ಲದಿದ್ದರೆ ಒಡೆಯುವುದು. ನೂರು ವರ್ಷ ಬಾಳಿದ ಮಸೂರವು ಹೀಗೆ ಬಿಗಿದ ಮೊದಲ ಸಂಜೆಯೇ ಟಪ್ಪೆಂದು ಬಿರಿದ ನಿದರ್ಶನಗಳು ಈ ಹವ್ಯಾಸಿಗಳ ನಡುವೆ ಬೇಕಾದಷ್ಟಿವೆ.

ಹಿತ್ತಾಳೆಯ ಭಾಗಗಳ ವಿಷಯದಲ್ಲಿ ನಮ್ಮ ಗೃಹಿಣಿಯರಲ್ಲಿ ವಿಶೇಷ ಪ್ರಾರ್ಥನೆ. ಹಬ್ಬದ ಹಿಂದಿನ ದಿನ ಹುಣಸೆಹಣ್ಣಿನಿಂದ ಪಾತ್ರೆಗಳನ್ನು ಬೆಳಗುವ ಕೈಗಳಿಗೆ ಮಂಕಾದ ಹಿತ್ತಾಳೆಯನ್ನು ನೋಡಿ ಸುಮ್ಮನಿರುವುದು ಕಷ್ಟವೆಂದು ಬಲ್ಲೆವು. ಆದರೆ ಈ ಕೊಳವೆಗಳ ಮೇಲೆ ಕಾರ್ಖಾನೆಯವರು ಅರಗಿನ ತೆಳುವಾದ ಹೊಂಬಣ್ಣದ ಲೇಪವನ್ನು ಕೊಟ್ಟಿರುತ್ತಾರೆ. ಹುಳಿ ಸೋಕಿದರೆ ಲೇಪವೂ ಹೋಯಿತು, ಕೆತ್ತಿದ ಅಕ್ಷರಗಳೊಳಗೆ ತುಂಬಿದ ಕಪ್ಪುಮೇಣವೂ ಹೋಯಿತು. ಮೆತ್ತನೆಯ ಒಣಬಟ್ಟೆಯೇ ಇದಕ್ಕೆ ಸಾಕು.

ದೀಪವನ್ನು ಮತ್ತೆ ಉರಿಸಬೇಕೆ? ಇದರ ವಿಷಯದಲ್ಲಿ ಬಲ್ಲವರಲ್ಲಿ ಎರಡು ಪಕ್ಷಗಳುಂಟು. ಉರಿಯದ ದೀಪವು ದೀಪವೇ ಅಲ್ಲವೆಂದು ಒಂದು ಪಕ್ಷ; ಉರಿಸಿದರೆ ಸವೆಯುವುದೆಂದು ಮತ್ತೊಂದು. ನಮಗೆ ಮಧ್ಯಮಮಾರ್ಗವು ಸರಿಯೆನಿಸುತ್ತದೆ. ಹಳೆಯ ಜ್ವಾಲಾದೀಪವನ್ನೂ ಅದರ ತಂತಿಗಳನ್ನೂ ಗುರುತುಚೀಟಿ ಕಟ್ಟಿ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ಅದರ ಸ್ಥಾನದಲ್ಲಿ ತಂಪಾದ ಎಲ್‌ಇಡಿ ದೀಪವನ್ನು ಬೇರೆ ಪೀಠದ ಮೇಲೆ, ಯಂತ್ರಕ್ಕೆ ಹೊಸ ತೂತು ಕೊರೆಯದೆ, ಇರಿಸಬೇಕು. ನಾಳೆ ಯಾರಾದರೂ ಅದನ್ನು ಎತ್ತಿಟ್ಟರೆ ಹಿಂದಿನ ಯಂತ್ರವು ಹಿಂದಿನಂತೆಯೇ ಉಳಿದಿರಬೇಕು. ಬೆಳಕಿನ ಬಿಂದುವು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಹರಡಿದ ದೀಪದ ಬೆಳಕು ಮುಂದಿನ ಮಸೂರದೊಳಕ್ಕೆ ಪೂರ್ತಿ ಹೋಗಲಾರದು. ಬರಿಯ ಪರದೆಯ ಅಂಚಿನಲ್ಲಿ ಕೆಂಪಾಗಲಿ ನೀಲಿಯಾಗಲಿ ನೆರಳಾಡಿದರೆ ದೀಪವನ್ನು ಕೊಂಚ ಹಿಂದಕ್ಕೋ ಮುಂದಕ್ಕೋ ಸರಿಸಿ ನೋಡುವುದು.

ಹೀಗೆ ಸ್ಥಾನವನ್ನೂ ಯಂತ್ರವನ್ನೂ ಒಟ್ಟಿಗೆ ಉಳಿಸಿಕೊಂಡ ಮಂದಿರವೊಂದನ್ನು ನಾವು ನೋಡಿದ್ದುಂಟು. ಮಗಳ ಮನೆಯಲ್ಲಿ ಕೆಲವು ತಿಂಗಳಿರಲೆಂದು ಅಮೆರಿಕದ ಜಾರ್ಜಿಯಾ ಸಂಸ್ಥಾನಕ್ಕೆ ಹೋದಾಗ ಅಟ್ಲಾಂಟದ ಫಾಕ್ಸ್ ಮಂದಿರದಲ್ಲಿ ಒಂದು ಸಂಜೆ ಕುಳಿತಿದ್ದೆವು. 1929ರ ಡಿಸೆಂಬರ್ 25ರಂದು ತೆರೆದ ಆ ಮಂದಿರದಲ್ಲಿ ನಾಲ್ಕು ಸಾವಿರದ ಆರುನೂರಕ್ಕೂ ಹೆಚ್ಚು ಆಸನಗಳು. ಚಾವಣಿಯ ಆಕಾಶದಲ್ಲಿ 96 ನಕ್ಷತ್ರಗಳು, ಅವುಗಳಲ್ಲಿ ಮೂರರಲ್ಲೊಂದು ಪಾಲು ಮಿನುಗುವುವು, ಮೋಡಗಳು ಹಾದುಹೋಗುವುವು. ಮೊಲ್ಲರ್ ಸಂಸ್ಥೆ ಮಾಡಿದ ಆರ್ಗನ್ ವಾದ್ಯಕ್ಕೆ 3,622 ಕೊಳವೆಗಳು. 1970ರ ದಶಕದ ನಡುವೆ ದೂರವಾಣಿ ಸಂಸ್ಥೆಯೊಂದು ಆ ಜಾಗದಲ್ಲಿ ಕಚೇರಿ ಕಟ್ಟಲೆಂದು ಮಂದಿರವನ್ನು ಕೆಡವಿಸಲು ಹೊರಟಾಗ ಊರಿನವರು ಹಣ ಕೂಡಿಸಿ ಉಳಿಸಿಕೊಂಡರು. 1978ರಲ್ಲಿ ಸಾಲವೆಲ್ಲ ತೀರಿತು. ಅಲ್ಲಿಯ ಬ್ರೆನೋಗ್ರಾಫನ್ನೂ ಅವರು ಎಸೆಯಲಿಲ್ಲ. ಬೇಸಗೆಯ ಚಿತ್ರೋತ್ಸವಗಳಲ್ಲಿ, ಚಿತ್ರಕ್ಕೆ ಮೊದಲು ಆರ್ಗನ್ನಿನೊಡನೆ ಸಭಿಕರು ಹಾಡುವಾಗ ಹಾಡಿನ ಸ್ಲೈಡುಗಳನ್ನು ತೋರಿಸುವ ಕೆಲಸವು ಅದಕ್ಕೆ ದೊರೆತದ್ದುಂಟು. ನಮ್ಮ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು ಮೋಡಗಳನ್ನು ನೋಡಿ, ಹೊರಗೆ ಮಳೆ ಬರುವುದೇ ಎಂದು ಕೇಳಿದಳು.

ನಮ್ಮಲ್ಲಿ ಅಂಥ ಅರಮನೆಗಳಿರಲಿಲ್ಲ. ಆದರೆ ಸ್ಲೈಡುಗಳಿದ್ದವು. ಬಟ್ಟೆಯಂಗಡಿ, ಹಲ್ಲುಪುಡಿ, ಕಾಫಿಪುಡಿ; ಧೂಮಪಾನ ನಿಷೇಧ; ಮುಂದಿನ ಚಿತ್ರದ ನಾಯಿಕಾನಾಯಕರು. ಮಧ್ಯೆ ಚಾಲಕನೇ ಕಪ್ಪು ಬಳಿದ ಗಾಜಿನ ಮೇಲೆ ಸೂಜಿಯಿಂದ ಗೀಚಿದ ತುರ್ತಿನ ಬರಹ, ಇಂಥ ವೈದ್ಯರು ಕೂಡಲೇ ಹೊರಗೆ ಬರಬೇಕೆಂದು. ಅಮೆರಿಕದಲ್ಲಿ ಇದೇ ಕೆಲಸಕ್ಕೆ ರೇಡಿಯೋಮ್ಯಾಟ್ ಎಂಬ ತೆಳುವಾದ ಹಾಳೆಯನ್ನು ಬೆರಳಚ್ಚಿನಲ್ಲಿ ಹೊಡೆದು ಎರಡು ಗಾಜುಗಳ ನಡುವೆ ಇಡುತ್ತಿದ್ದರು. ಇವುಗಳನ್ನೆಲ್ಲ ಪಟ್ಟಿಮಾಡಿದವರು ನಮ್ಮಲ್ಲಿ ವಿರಳ. ಒಂದು ಊರಿನ ನಲವತ್ತು ವರ್ಷದ ಸ್ಲೈಡುಗಳಿದ್ದರೆ ಆ ಊರಿನ ಪೇಟೆಯ ಚರಿತ್ರೆಯನ್ನೇ ಬರೆಯಬಹುದು.

ಆದುದರಿಂದ ವಾಚಕರಲ್ಲಿ ಯಾರ ಅಟ್ಟದ ಮೇಲಾದರೂ, ಯಾರ ಪರಿಚಯದ ಮಂದಿರದಲ್ಲಾದರೂ ಇಂಥ ಗಾಜುಗಳ ಪೆಟ್ಟಿಗೆಯಿದ್ದರೆ, ಹೀಗೆ ಮಾಡಬೇಕು. ಪೆಟ್ಟಿಗೆಯಲ್ಲಿರುವ ಅನುಕ್ರಮವನ್ನು ಕೆಡಿಸದೆ ಒಂದೊಂದಕ್ಕೂ ಸಂಖ್ಯೆ ಬರೆದ ಚೀಟಿಯನ್ನು ಲಕೋಟೆಯ ಮೇಲೆ ಹಚ್ಚಬೇಕು, ಗಾಜಿನ ಮೇಲಲ್ಲ. ಸ್ಲೈಡೆಂದರೆ ಸಾಮಾನ್ಯವಾಗಿ ಎರಡು ಗಾಜು. ಚಿತ್ರವು ಒಂದರ ಒಳಮುಖದಲ್ಲಿರುತ್ತದೆ. ಸುತ್ತಲೂ ಕಾಗದದ ಪಟ್ಟಿ. ಪಟ್ಟಿಯನ್ನು ಬಿಚ್ಚದೆ, ಹೊರಮುಖವನ್ನು ಮಾತ್ರ ಒಣಬಟ್ಟೆಯಿಂದ ಒರೆಸಬೇಕು. ನೀರು ಕೂಡದು, ಕೈಯಿಂದ ತುಂಬಿದ ಬಣ್ಣವು ನೀರನ್ನು ತಾಳುವುದಿಲ್ಲ. ಹೊರಗಾಜು ಒಡೆದಿದ್ದರೆ ಒಳಗಿನದನ್ನು ಬೇರೆ ತೆಗೆಯಲು ಹೋಗದೆ, ಎರಡೂ ಪಕ್ಕಗಳಲ್ಲಿ ರಟ್ಟನ್ನಿಟ್ಟು ದಾರ ಕಟ್ಟಿಡುವುದು. ಗಾಜುಗಳನ್ನು ಒಂದರ ಮೇಲೊಂದು ಹೇರದೆ, ಪುಸ್ತಕಗಳಂತೆ ನಿಲ್ಲಿಸಿಡಬೇಕು.

ಕಡೆಯದಾಗಿ, ತೋರಿಸುವ ದಿನ ಬಂದಾಗ ಗಾಜನ್ನು ಯಾವ ಕಡೆ ತಿರುಗಿಸಿ ಹಾಕುವುದೆಂಬ ಪ್ರಶ್ನೆ. ಮಸೂರವು ಎಲ್ಲವನ್ನೂ ತಲೆಕೆಳಗು ಮಾಡುವುದರಿಂದ ಸ್ಲೈಡನ್ನು ತಲೆಕೆಳಗಾಗಿಯೇ ಇಳಿಸಬೇಕು. ಇದಕ್ಕೆ ಹಳೆಯ ಚಾಲಕರು ಗಾಜಿನ ಮೇಲೆ ಒಂದು ದುಂಡು ಚುಕ್ಕೆಯನ್ನು ಅಂಟಿಸುತ್ತಿದ್ದರು. ಅಕ್ಷರಗಳು ಸರಿಯಾಗಿ ಓದಲು ಬರುವಂತೆ ಹಿಡಿದಾಗ ಚುಕ್ಕೆಯು ಎಡಗಡೆಯ ಕೆಳಮೂಲೆಯಲ್ಲಿರುತ್ತದೆ. ಅದನ್ನು ಮಗುಚಿ, ಪರದೆಗೆ ಮುಖಮಾಡಿ ಯಂತ್ರದ ಹಿಂದೆ ನಿಂತರೆ, ಚುಕ್ಕೆಯು ಬಲಗಡೆಯ ಮೇಲ್ಮೂಲೆಗೆ ಬಂದು ಬಲಗೈಯ ಹೆಬ್ಬೆರಳ ಕೆಳಗೆ ತಾನಾಗಿ ಕುಳಿತುಕೊಳ್ಳುತ್ತದೆ. ಅನೇಕ ಸ್ಲೈಡುಗಳಲ್ಲಿ ಈ ಚುಕ್ಕೆಯು ಬೆರಳಿನ ಒತ್ತಿಗೆ ಸವೆದು ಅರ್ಧ ಮಾತ್ರ ಉಳಿದಿರುತ್ತದೆ. ಅದರ ಮೇಲೆ ಹೊಸ ಚುಕ್ಕೆಯನ್ನು ಅಂಟಿಸಬೇಡಿ.